ಅಂಗೈಯವರು, ಮುಷ್ಟಿಯವರು

ಮೇಷ್ಟ್ರು ಪ್ರಶ್ನೆ ಕೇಳಿದ ಕೂಡಲೇ ತರಗತಿಗೆ ತರಗತಿಯೇ ಕೈ ಎತ್ತಿದರೆ ನೋಡಿದವರಿಗೆ ಖುಷಿಯಾಗುತ್ತದಂತೆ. ನನಗೆ ಹೇಸಿಗೆಯಾಗುತ್ತದೆ. ಅಷ್ಟೂ ಮಕ್ಕಳಿಗೆ ಒಂದೇ ಗಳಿಗೆಯಲ್ಲಿ ಒಂದೇ ಉತ್ತರ ಹೊಳೆಯುವುದು ಯಾವ ಊರಿನ ಶಾಲೆಯಲ್ಲೂ ಇಲ್ಲ. ಅಂಥ ಕೈಗಳ ಹಿಂದೆ ವಾರಗಟ್ಟಲೆ ತಾಲೀಮು ಮಾಡಿಸಿದ ಒಬ್ಬ ಮಹಾನುಭಾವ ಇದ್ದೇ ಇರುತ್ತಾನೆ. ಇದು ನನಗೆ ಹೇಗೆ ಗೊತ್ತು ಎಂದರೆ, ಅಂಥದೊಂದು ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದವಳು ನಾನು.

ಆಗ ನಮ್ಮ ಕಡೆಯೆಲ್ಲ ಇನ್ನೂ ಕೋಲಾರ ಜಿಲ್ಲೆಗೇ ಸೇರಿತ್ತು. ಚಿಕ್ಕಬಳ್ಳಾಪುರದಲ್ಲಿ ಬಿ.ಇಡಿ. ಮುಗಿಸಿ, ಚಿಂತಾಮಣಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಶಿಡ್ಲಘಟ್ಟಕ್ಕೆ ಹೋಗಿ, ಅಲ್ಲಿನ ಒಂದು ಖಾಸಗಿ ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಶಾಲೆಯ ಹಿಂದಿನ ಬೀದಿಯ ತುಂಬ ರೇಷ್ಮೆ ನೂಲು ತೆಗೆಯುವ ಮನೆಗಳು. ಗೂಡು ಬೇಯಿಸಿದ ನೀರಿನ ವಾಸನೆ, ಬೆಂದು ಸತ್ತ ಹುಳದ ವಾಸನೆ, ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೂ ಕಿಟಕಿಯಲ್ಲೇ ನಿಂತಿರುತ್ತಿತ್ತು. ಹೊಸಬರು ಬಂದರೆ ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು. ನನಗೆ ಅದು ಬೇಗ ಒಗ್ಗಿತು. ಕೊನೆವರೆಗೂ ಒಗ್ಗದೆ ಉಳಿದವರು ನಮ್ಮ ಹೆಡ್ ಮೇಷ್ಟ್ರು.

ಅವರನ್ನು ಈಗಲೂ ಬಹುವಚನದಲ್ಲೇ ಕರೆಯುತ್ತಿದ್ದೇನೆ. ಅಭ್ಯಾಸಬಲ ಅಷ್ಟೆ, ಯೋಗ್ಯತೆ ನೋಡಿ ಅಲ್ಲ. ಸ್ಕೂಟರಿನ ಕೀಲಿಯಿಂದ ಕಿವಿ ಕೆರೆದುಕೊಂಡು, ಕೀಲಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಕುರ್ಚಿಯ ಬೆನ್ನಿಗೆ ಹಾಕಿದ ಟವೆಲಿಗೆ ಒರೆಸುತ್ತಿದ್ದರು. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ, ಕೀಲಿಯನ್ನು ನೋಡುತ್ತಿದ್ದರು. ಅದೇ ಕೀಲಿಯಿಂದ ಮಕ್ಕಳ ಬೆನ್ನು ತಿವಿದು ಸಾಲು ನೆಟ್ಟಗೆ ಮಾಡುತ್ತಿದ್ದರು. ಥೂ, ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಬೆನ್ನು ಸೆಟೆಯುತ್ತದೆ.

ಆ ವರ್ಷ ನಮ್ಮ ಆಡಳಿತ ಮಂಡಳಿಗೆ ಒಂದು ಹುಚ್ಚು ಹಿಡಿಯಿತು. ಎಂಟನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ಒಂದು ವಿಭಾಗ ತೆರೆಯಬೇಕು. ಅದಕ್ಕೆ ಅನುಮತಿ ಬೇಕಾದರೆ ಕೋಲಾರದಿಂದ ಅಧಿಕಾರಿಗಳು ಬಂದು, ಏಳನೆಯ ತರಗತಿಯ ಮಕ್ಕಳ ಇಂಗ್ಲಿಷ್ ಎಷ್ಟರಮಟ್ಟಿಗಿದೆ ಎಂದು ಪಾಠ ನಡೆಯುವಾಗಲೇ ಕೂತು ನೋಡಬೇಕಿತ್ತು. ಒಂದು ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಹೆಡ್ ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಹೇಳಿದರು, ಅಧಿಕಾರಿಗಳ ಮುಂದೆ ಎದ್ದು ನಿಂತು ಸರಿಯಾದ ಉತ್ತರ ಹೇಳಿದವರಿಗೆ ಮುಂದಿನ ವರ್ಷದ ಇಂಗ್ಲಿಷ್ ವಿಭಾಗದಲ್ಲಿ ಮೊದಲ ಸೀಟು ಎಂದು. ಮಕ್ಕಳು ಚಪ್ಪಾಳೆ ತಟ್ಟಿದವು. ಏಳನೆಯ ತರಗತಿಯ ಸಾಲಿನಲ್ಲಿ ಒಬ್ಬ ಹುಡುಗಿ ಮಾತ್ರ ಚಪ್ಪಾಳೆ ತಟ್ಟುವುದನ್ನು ಮರೆತು ಅವರನ್ನೇ ನೋಡುತ್ತ ನಿಂತಿದ್ದಳು.

ಆ ಹುಡುಗಿಯ ತಾಯಿ ಹಿಂದಿನ ಬೀದಿಯಲ್ಲೇ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಹುಡುಗಿಗೆ ಇಂಗ್ಲಿಷ್ ವಿಭಾಗದ ಮೇಲೆ ಆಸೆ ಹುಟ್ಟಿದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಅವಳೇ ನನಗೆ ಹೇಳಿದ್ದಳು. ಹಿಂದಿನ ವರ್ಷ ಅಮ್ಮನ ತೋಳಿನ ಮೇಲೆ ಕುದಿಯುವ ನೀರು ಚೆಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾಗ, ಡಾಕ್ಟರೂ ನರ್ಸೂ ಅಮ್ಮನ ತಲೆಯ ಮೇಲಿಂದಲೇ ಇಂಗ್ಲಿಷಿನಲ್ಲಿ ಏನೇನೋ ಮಾತಾಡಿಕೊಂಡರಂತೆ. ‘ಅವ್ರು ಏನಂದ್ರು ಅಂತ ಅಮ್ಮ ದಾರಿ ಪೂರ್ತಿ ಕೇಳಿದ್ಲು ಮಿಸ್. ನಂಗೊಂದೂ ಹೇಳಕ್ಕೆ ಬರ್ಲಿಲ್ಲ’ ಎಂದಳು. ಡಾಕ್ಟರಾಗುತ್ತೇನೆ, ಇಂಜಿನಿಯರಾಗುತ್ತೇನೆ ಎನ್ನುವವರ ನಡುವೆ ಇವಳಿಗೆ ಬೇಕಾಗಿದ್ದದ್ದು ಇಷ್ಟೇ.

ತಪಾಸಣೆಗೆ ಯಾವ ಪಾಠ ಎಂದು ಚರ್ಚೆಯಾಗಿ ಸರ್ವನಾಮ ಎಂದು ತೀರ್ಮಾನವಾಯಿತು. ಸಣ್ಣ ಪಾಠ, ಸಣ್ಣ ಉತ್ತರ. ನಾಮಪದ ಯಾವುದೋ ಸರ್ವನಾಮ ಅದಕ್ಕೆ ಹೊಂದಬೇಕು. ಗಂಡಿಗೆ ಹೀ, ಹೆಣ್ಣಿಗೆ ಶೀ, ಉಳಿದದ್ದಕ್ಕೆ ಇಟ್, ಒಂದಕ್ಕಿಂತ ಹೆಚ್ಚಿದ್ದರೆ ದೇ. ಇಷ್ಟರಲ್ಲಿ ಏನಿದೆ ಎಂದುಕೊಳ್ಳುವವರು ನಮ್ಮ ಸೀಮೆಯಲ್ಲಿ ಅದನ್ನು ಕಲಿಸಿ ನೋಡಬೇಕು. ನಮ್ಮ ಕಡೆ ಅರ್ಧ ಮನೆಗಳಲ್ಲಿ ತೆಲುಗು. ನಮ್ಮ ಮನೆಯಲ್ಲೂ ಅದೇ. ತೆಲುಗು ಮನೆಮಾತಿನಲ್ಲಿ ಹೆಂಗಸು ಬಂದರೂ ‘ಅದಿ’, ಹಸು ಬಂದರೂ ‘ಅದಿ’. ನಮ್ಮಜ್ಜಿ ನನ್ನನ್ನು ಹುಟ್ಟಿದಾಗಿನಿಂದ ‘ಅದಿ’ ಎಂದೇ ಕರೆದು, ಅಷ್ಟೇ ಪ್ರೀತಿಯಿಂದ ತಲೆಗೆ ಎಣ್ಣೆಯನ್ನೂ ಹಚ್ಚಿದಳು. ಹಾಗಾಗಿ ಆ ಮನೆಗಳ ಮಕ್ಕಳು ಇಂಗ್ಲಿಷಿಗೆ ಬಂದರೆ ಅಕ್ಕನಿಗೂ ಇಟ್, ಅಮ್ಮನಿಗೂ ಇಟ್. ಕನ್ನಡದ ಮನೆಗಳ ಮಕ್ಕಳದು ಇನ್ನೊಂದು ಬಗೆ. ಅಪ್ಪನಿಗೆ ಮರ್ಯಾದೆ ಕೊಡಬೇಕಲ್ಲ, ಅದಕ್ಕೆ ‘ಮೈ ಫಾದರ್ ಈಸ್ ಎ ಫಾರ್ಮರ್, ದೇ ಗೋ ಟು ಫೀಲ್ಡ್’ ಎಂದು ಒಬ್ಬ ಅಪ್ಪನನ್ನು ಹತ್ತು ಜನ ಮಾಡಿಬಿಡುತ್ತಿದ್ದರು.

ಈ ಎರಡನೆಯ ತಪ್ಪು ಹೆಡ್ ಮೇಷ್ಟ್ರಿಗೆ ತಪ್ಪು ಅನ್ನಿಸುತ್ತಲೇ ಇರಲಿಲ್ಲ. ಅವರೇ ಅಧಿಕಾರಿಗಳ ಬಗ್ಗೆ ‘ದೇ ಈಸ್ ವೆರಿ ಸ್ಟ್ರಿಕ್ಟ್’ ಎನ್ನುತ್ತಿದ್ದರು. ದೊಡ್ಡವರನ್ನು ಹೀ ಅನ್ನುವುದು ಮಕ್ಕಳ ಬಾಯಲ್ಲಿ ಚೆನ್ನಾಗಿರುವುದಿಲ್ಲ ಎಂದು ಹೇಳಿ, ತಪಾಸಣೆಗೆಂದು ನಾನು ಆರಿಸಿದ್ದ ವಾಕ್ಯಗಳಿಂದ ಅಪ್ಪ, ತಾತ, ರಾಜ, ರೈತ ಎಲ್ಲರನ್ನೂ ತೆಗೆದುಹಾಕಿದರು. ಕೊನೆಗೆ ಹಸು, ಗಿಳಿ, ಚೆಂಡು, ಒಬ್ಬ ಹುಡುಗ, ಒಬ್ಬಳು ಹುಡುಗಿ ಉಳಿದರು. ಅಲ್ಲಿಯವರೆಗಿನದು ನಗುವ ವಿಷಯವೇ ಆಗಿತ್ತು.

ಮೊದಲನೆಯ ತಾಲೀಮಿನ ದಿನ ಹೆಡ್ ಮೇಷ್ಟ್ರು ತಾವೇ ತರಗತಿಗೆ ಬಂದು ಕೂತರು. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ‘ದಿ ಗರ್ಲ್ ಈಸ್ ಸಿಂಗಿಂಗ್’ ಎಂಬ ವಾಕ್ಯ ಆ ಹುಡುಗಿಗೆ ಬಂತು. ಅವಳು ಗಾಬರಿಯಲ್ಲಿ ‘ಇಟ್ ಈಸ್ ಸಿಂಗಿಂಗ್’ ಅಂದುಬಿಟ್ಟಳು. ಹೆಡ್ ಮೇಷ್ಟ್ರು ಕೀಲಿಯಿಂದ ಮೇಜು ಕುಟ್ಟಿ, ಹಾಡ್ತಿರೋದು ಹುಡುಗಿಯಾ ಎಮ್ಮೆಯಾ ಎಂದು ಕೇಳಿದರು. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಾಗೆ ನಕ್ಕವರಲ್ಲಿ ಅರ್ಧ ಮಂದಿ ತಮ್ಮ ಸರದಿ ಬಂದಾಗ ಅದನ್ನೇ ಹೇಳಿದರು.

ಆಮೇಲೆ ಅವರು ತಮ್ಮ ವಿದ್ಯೆ ಹೊರತೆಗೆದರು. ಗೌರಿಬಿದನೂರಿನ ಕಡೆ ಯಾವುದೋ ಶಾಲೆಯಲ್ಲಿದ್ದಾಗ ಕಲಿತು ಬಂದ ವಿದ್ಯೆಯಂತೆ. ಪ್ರಶ್ನೆ ಕೇಳಿದ ತಕ್ಷಣ ಎಲ್ಲರೂ ಕೈ ಎತ್ತಬೇಕು, ಒಂದು ಕೈಯೂ ಕೆಳಗಿರಬಾರದು. ಉತ್ತರ ಬರುವವರು ಅಂಗೈ ಬಿಚ್ಚಿ ಎತ್ತಬೇಕು, ಬಾರದವರು ಮುಷ್ಟಿ ಹಿಡಿದು ಎತ್ತಬೇಕು. ಕುರ್ಚಿಯಲ್ಲಿ ಕೂತ ಅಧಿಕಾರಿಗೆ ಕೈಗಳ ಕಾಡು ಕಾಣುತ್ತದೆ, ಪಾಠ ಮಾಡುವವರಿಗೆ ಯಾರನ್ನು ಎಬ್ಬಿಸಬೇಕು ಎಂಬುದು ಕಾಣುತ್ತದೆ. ಇಷ್ಟು ಹೇಳಿ, ಅಂದು ತಪ್ಪಿದವರನ್ನೆಲ್ಲ ಮುಷ್ಟಿಯವರು ಎಂದು ಒಂದು ಕಡೆಗೆ ಸರಿಸಿದರು. ತಪ್ಪಿದವರಲ್ಲಿ ಮಂಡಳಿಯ ಸದಸ್ಯರೊಬ್ಬರ ತಮ್ಮನ ಮಗನೂ ಇದ್ದ. ಅವನು ಚೆಂಡನ್ನು ಹೀ ಅಂದಿದ್ದ. ಅವನಿಗೆ ಮಾತ್ರ ಅಂಗೈ ಸಿಕ್ಕಿತು.

ಇದು ಮಕ್ಕಳಿಗೆ ಮೋಸ ಕಲಿಸಿದಂತಾಗುತ್ತದೆ ಸಾರ್, ಇನ್ನೂ ಮೂರು ವಾರವಿದೆ, ಎಲ್ಲರಿಗೂ ನಿಜವಾಗಿಯೇ ಕಲಿಸುತ್ತೇನೆ ಎಂದೆ. ಅವರು ಕೀಲಿ ನೋಡುತ್ತ ನಕ್ಕರು. ‘ನೀವಿನ್ನೂ ಹೊಸಬರು ಮೇಡಂ. ಬಂದೋರು ನೋಡೋದು ಕೈನ. ತಲೆ ಒಳಗೆ ಏನೈತೆ ಅಂತ ಬಗ್ಗಿ ನೋಡಕ್ಕೆ ಅವ್ರಿಗೇನು ಹುಚ್ಚಾ’ ಎಂದರು.

ಛಲ ಬಂತು ನನಗೆ. ಮಾರನೆಯ ದಿನದಿಂದ ತರಗತಿಯನ್ನು ಕಾಂಪೌಂಡಿನ ಹತ್ತಿರ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದೆ. ರಸ್ತೆಯಲ್ಲಿ ಏನು ಹೋಗುತ್ತದೋ ಅದೇ ಪಾಠ. ಒಬ್ಬರು ನಾಮಪದ ಹಾಕಿ ಒಂದು ವಾಕ್ಯ ಹೇಳಬೇಕು, ಪಕ್ಕದವರು ಸರ್ವನಾಮ ಹಾಕಿ ಅದನ್ನು ಮುಂದುವರಿಸಬೇಕು. ಸೈಕಲ್ಲಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡವನು ಬರುತ್ತಿದ್ದ, ಅವನು ಹೀ. ಗೂಡಿನ ಚೀಲ ತುಂಬಿದ ಆಟೋ ಮಾರುಕಟ್ಟೆಗೆ ಓಡುತ್ತಿತ್ತು, ಅದು ಇಟ್. ಟಿಫಿನ್ ಕ್ಯಾರಿಯರ್ ಹಿಡಿದು ಕೆಲಸಕ್ಕೆ ಹೋಗುವ ಹೆಂಗಸರು ನಮ್ಮ ಮಕ್ಕಳು ತಮ್ಮತ್ತ ಬೆರಳು ಮಾಡುವುದನ್ನು ಕಂಡು, ಏನ್ ಬೈತಾವ್ರೆ ನಮ್ಮನ್ನ ಎಂದು ಕೇಳಿ ನಗುತ್ತಿದ್ದರು. ಒಬ್ಬೊಬ್ಬಳೇ ಬಂದರೆ ಶೀ, ಗುಂಪಾಗಿ ಬಂದರೆ ದೇ.

ಆ ಹುಡುಗಿ ಒಂದು ವಾರದಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ಬೇರೆಯವರು ತಪ್ಪಿದರೆ ಅವಳ ತುಟಿ ತಾನಾಗಿ ಅಲುಗುತ್ತಿತ್ತು. ಒಂದು ದಿನ ನನ್ನ ಹತ್ತಿರ ಬಂದು ಗುಟ್ಟು ಹೇಳುವವಳಂತೆ, ‘ಇಂಗ್ಲಿಷ್ನಲ್ಲಿ ಅಮ್ಮಂಗೆ ಬೇರೆ, ಹಸೂಗೆ ಬೇರೆ ಐತೆ ಮಿಸ್. ಅದು ನಂಗೆ ಇಷ್ಟ ಆಯ್ತು’ ಎಂದಳು. ಇಷ್ಟು ವರ್ಷ ವ್ಯಾಕರಣ ಓದಿದ ನನಗೆ ಅದರಲ್ಲಿ ಇಷ್ಟಪಡುವುದಕ್ಕೆ ಏನಾದರೂ ಇದೆ ಎಂದು ಅನ್ನಿಸಿಯೇ ಇರಲಿಲ್ಲ. ಮುಷ್ಟಿಯವರಲ್ಲಿ ಇನ್ನೂ ಎಷ್ಟೋ ಮಕ್ಕಳು ದಾರಿಗೆ ಬಂದಿದ್ದರು.

ನಾನು ಹೋಗಿ ಹೆಡ್ ಮೇಷ್ಟ್ರಿಗೆ ಹೇಳಿದೆ, ಇವರಿಗೆಲ್ಲ ಈಗ ಬರುತ್ತದೆ, ಅಂಗೈ ಎತ್ತಲಿ ಎಂದು. ಒಪ್ಪಲಿಲ್ಲ. ಒಮ್ಮೆ ಹಾಕಿದ ಕ್ರಮ ತಪ್ಪಿಸಿದರೆ ಆ ದಿನ ಗೊಂದಲವಾಗುತ್ತದೆ ಎಂದರು. ಆ ಹುಡುಗಿಯನ್ನು ಒಬ್ಬಳನ್ನಾದರೂ ಕರೆದು ಕೇಳಿ ನೋಡಿ ಎಂದು ಬೇಡಿಕೊಂಡೆ. ಆ ಬೀದಿಯ ಮಕ್ಕಳ ಬಟ್ಟೆಯಿಂದ ಹುಳದ ವಾಸನೆ ಬರುತ್ತದೆ, ಅಧಿಕಾರಿಗಳ ಎದುರಿಗೆ ಅವರು ಎದ್ದು ನಿಲ್ಲದೆ ಇರುವುದೇ ವಾಸಿ ಎಂದರು. ಆಗ ಗೊತ್ತಾಯಿತು, ಅಂಗೈ ಮುಷ್ಟಿ ಎಂದು ಬೇರೆ ಮಾಡಿದ್ದು ಇಂಗ್ಲಿಷಿಗಾಗಿ ಅಲ್ಲವೇ ಅಲ್ಲ ಎಂದು. ಆ ರೂಮಿನಿಂದ ಹೊರಗೆ ಬಂದು ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸಿದೆ.

ಹೇಸಿಗೆಯಾದದ್ದು ಆಮೇಲೆ ನಡೆದದ್ದಕ್ಕೆ. ಆ ಗುರುತು ನನ್ನ ಪಾಠದಿಂದ ಎದ್ದು ಶಾಲೆಯ ತುಂಬ ಓಡಾಡತೊಡಗಿತು. ಮುಷ್ಟಿಯವರು ಹಿಂದಕ್ಕೆ ಕೂರಬೇಕಾಯಿತು. ಅಂಗಳ ಗುಡಿಸಲು ಮುಷ್ಟಿಯವರು, ಅತಿಥಿಗಳಿಗೆ ಹೂ ಕೊಡಲು ಅಂಗೈಯವರು. ಲೆಕ್ಕದ ಮೇಷ್ಟ್ರು ಬೋರ್ಡಿಗೆ ಕರೆಯುವಾಗ, ಏ ನೀನು ಮುಷ್ಟಿ ಅಲ್ವೇನೋ, ಕೂತ್ಕೊ, ಅಂದದ್ದನ್ನು ನಾನೇ ಕಿಟಕಿಯಿಂದ ಕೇಳಿದೆ. ಲೆಕ್ಕಕ್ಕೂ ಸರ್ವನಾಮಕ್ಕೂ ಯಾವ ಊರಿನ ನಂಟು? ಆಟದ ಬಯಲಿನಲ್ಲಿ ಮಕ್ಕಳೇ ಮುಷ್ಟಿಯವರಿಗೆ ಬ್ಯಾಟ್ ಕೊಡುವುದನ್ನು ನಿಲ್ಲಿಸಿದವು. ಸ್ಟಾಫ್ ರೂಮಿನಲ್ಲಿ ನಾನು ಬಾಯಿ ತೆಗೆದರೆ, ಬಿಡಿ ಮೇಡಂ, ತಪಾಸಣೆ ಮುಗಿದರೆ ಎಲ್ಲ ಸರಿಹೋಗುತ್ತೆ ಎಂದು ಟೀ ಕುಡಿಯುತ್ತಿದ್ದರು. ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಎಂದರೆ ಇದೇ ಅಲ್ಲವೇ ಎಂದು ಒಮ್ಮೆ ಕೇಳಿಯೇಬಿಟ್ಟೆ. ಅಂದಿನಿಂದ ನನಗೆ ಆ ಟೀ ಬರುವುದು ನಿಂತಿತು.

ಹುಡುಗಿ ಮಾತ್ರ ದಿನಾ ಮುಷ್ಟಿ ಎತ್ತುತ್ತಿದ್ದಳು, ಮುಖ ತುಂಬ ಉತ್ತರ ಇಟ್ಟುಕೊಂಡು. ನಾನು ಅವಳಿಗೆ ಹೇಳಿದೆ, ಅಂದು ನೀನು ಏನು ಎತ್ತಿದರೂ ನಾನು ನಿನ್ನನ್ನು ಕರೆಯುತ್ತೇನೆ ಎಂದು. ಅವಳು ಯೋಚನೆ ಮಾಡಿ, ಬೇಡ ಮಿಸ್, ನಿಮ್ಮನ್ನ ಬೈತಾರೆ ಎಂದಳು. ಸೀಟು ಬೇಕಾದದ್ದು ಅವಳಿಗೆ, ಚಿಂತೆ ಮಾಡುತ್ತಿದ್ದದ್ದು ನನಗೆ ಬೀಳುವ ಬೈಗುಳದ್ದು.

ತಪಾಸಣೆಯ ದಿನ ಬೆಳಗ್ಗೆಯಿಂದಲೇ ಶಾಲೆಯ ಸುತ್ತ ಫಿನಾಯಿಲು ಸುರಿದಿದ್ದರು. ಹುಳದ ವಾಸನೆಯೂ ಫಿನಾಯಿಲಿನ ವಾಸನೆಯೂ ಸೇರಿ ಎರಡಕ್ಕಿಂತ ಕೆಟ್ಟ ಮೂರನೆಯದೊಂದು ಎದ್ದಿತ್ತು. ಮಂಡಳಿಯ ಒಬ್ಬರ ತೋಟದಲ್ಲಿ ಮುದ್ದೆ, ನಾಟಿಕೋಳಿ ಸಾರು ತಯಾರಾಗುತ್ತಿದೆ ಎಂಬ ಸುದ್ದಿ ಮಕ್ಕಳಿಗೂ ತಲುಪಿತ್ತು. ಬಂದ ಅಧಿಕಾರಿ ದಪ್ಪನೆಯ, ನಗುಮುಖದ ಮನುಷ್ಯ. ಹಿಂದೆ ಬಹಳ ಕಾಲ ತಾವೂ ಮೇಷ್ಟ್ರಾಗಿದ್ದರಂತೆ. ತರಗತಿಯ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಹೆಡ್ ಮೇಷ್ಟ್ರು ಬಾಗಿಲಲ್ಲಿ ನಿಂತರು.

ನಾನು ಹಸುವಿನ ವಾಕ್ಯ ಕೇಳಿದೆ. ಒಂದೇ ಏಟಿಗೆ ಕೈಗಳು ಎದ್ದವು. ಹೆಡ್ ಮೇಷ್ಟ್ರು ಬಾಗಿಲಿನಿಂದ ಕಣ್ಣಿನಲ್ಲೇ ತೋರಿಸಿದ ಅಂಗೈಯನ್ನು ಕರೆದೆ. ಸರಿಯಾಗಿ ಹೇಳಿದ. ಗಿಳಿಯ ವಾಕ್ಯ, ಇನ್ನೊಂದು ಅಂಗೈ. ಮೂರನೆಯದಕ್ಕೆ ನಾನು ಆ ಹುಡುಗಿಯ ಕಡೆ ತಿರುಗುವಷ್ಟರಲ್ಲಿ ಅಧಿಕಾರಿ ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದರು. ಎದ್ದು ನಿಧಾನವಾಗಿ ಹಿಂದಿನ ಬೆಂಚಿನ ತನಕ ನಡೆದುಕೊಂಡು ಹೋದರು. ಎತ್ತಿದ ಕೈಗಳೆಲ್ಲ ಎತ್ತಿದ ಹಾಗೇ ಇದ್ದವು. ಅವರು ಹೋಗಿ ನಿಂತದ್ದು ಅದೇ ಹುಡುಗಿಯ ಮುಂದೆ.

‘ಮುಷ್ಟಿ ಯಾಕಮ್ಮ ಹಿಡ್ದಿದ್ದೀಯ? ಒಳಗೇನಿಟ್ಟಿದ್ದೀಯ?’ ಎಂದು ಕೇಳಿದರು.

ಅವಳು ಬೆರಳು ಬಿಚ್ಚಿ ತೋರಿಸಿ, ಏನೂ ಇಲ್ಲ ಸಾರ್ ಎಂದಳು. ಹಾಗಾದರೆ ನೀನೇ ಹೇಳು ಎಂದರು ಅವರು, ಕಿಟಕಿಯ ಆಚೆ ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸನ್ನು ತೋರಿಸಿ. ತಾಲೀಮಿನ ವಾಕ್ಯಗಳಲ್ಲಿ ಮೇಕೆ ಇರಲಿಲ್ಲ. ಬಾಗಿಲಲ್ಲಿದ್ದ ಹೆಡ್ ಮೇಷ್ಟ್ರ ಮುಖ ಸುಣ್ಣದ ಹಾಗಾಯಿತು. ಹುಡುಗಿ ಕಿಟಕಿ ನೋಡಿ, ‘ದಿ ವುಮನ್ ಈಸ್ ಗೋಯಿಂಗ್. ಶೀ ಹ್ಯಾಸ್ ಗೋಟ್ಸ್. ದೇ ಆರ್ ಈಟಿಂಗ್ ದಿ ಲೀವ್ಸ್’ ಎಂದಳು. ಅಧಿಕಾರಿಗೆ ಉತ್ಸಾಹ ಬಂತು. ನಿಮ್ಮ ಹೆಡ್ ಮೇಷ್ಟ್ರ ಮೇಲೆ ಒಂದು ಹೇಳು ನೋಡೋಣ ಎಂದರು. ಅವಳು ಬಾಗಿಲ ಕಡೆ ತಿರುಗಿದಳು. ‘ಅವರ್ ಹೆಡ್ ಮಾಸ್ಟರ್ ಈಸ್ ನಿಯರ್ ದಿ ಡೋರ್. ಹೀ ಈಸ್ ಲುಕಿಂಗ್ ಅಟ್ ಮಿ’ ಎಂದಳು.

ನನಗೆ ಕುಣಿಯಬೇಕು ಅನ್ನಿಸಿತು. ‘ದೇ’ ಹೋಗಿ, ಬರೀ ಒಬ್ಬ ‘ಹೀ’ ಆಗಿ ಆ ಬಾಗಿಲಲ್ಲಿ ನಿಂತಿದ್ದರು ನಮ್ಮ ಹೆಡ್ ಮೇಷ್ಟ್ರು.

ಅಧಿಕಾರಿ ಗಹಗಹಿಸಿ ನಕ್ಕರು. ಹೆಡ್ ಮೇಷ್ಟ್ರ ಹೆಗಲು ತಟ್ಟಿ, ‘ಮುಷ್ಟಿ ಹಿಡ್ದೋಳೇ ಹಿಂಗೆ ಹೇಳ್ತಾಳೆ ಅಂದ್ಮೇಲೆ ಅಂಗೈಯೋರ್ನ ಏನ್ರೀ ಕೇಳೋದು? ನಡೀರಿ, ಸಾಕು’ ಎಂದರು. ಅಂದರೆ ಅವರಿಗೆ ಆ ವಿದ್ಯೆ ಮೊದಲೇ ಗೊತ್ತಿತ್ತು. ಬಹುಶಃ ತಾವೂ ಮಾಡಿಸಿದವರೇ. ಹಾವಿನ ಹೆಜ್ಜೆ ಹಾವೇ ಬಲ್ಲದು. ಹಿಂದಿನ ಬೆಂಚಿನಲ್ಲಿ ಅಷ್ಟು ಮಕ್ಕಳು ಯಾಕೆ ಮುಷ್ಟಿ ಹಿಡಿದು ಕೂತಿವೆ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮೋಸ ಹಿಡಿದೆ ಎಂಬ ಖುಷಿಯಲ್ಲೇ ಹೊಟ್ಟೆ ತುಂಬಿ, ಉಳಿದ ಜಾಗಕ್ಕೆ ನಾಟಿಕೋಳಿ ತುಂಬಿಸಲು ಹೊರಟರು. ಮಧ್ಯಾಹ್ನ ಅವರ ಜೀಪು ವಾಪಸು ಹೋಗುವಾಗ ಅವರು ಹಲ್ಲಿಗೆ ಕಡ್ಡಿ ಹಾಕುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅದೇನೇ ಇರಲಿ, ಹುಡುಗಿಯಂತೂ ಅಧಿಕಾರಿಯ ಮುಂದೆ ಎದ್ದು ನಿಂತು ಉತ್ತರ ಹೇಳಿದ್ದಳು. ಒಂದಲ್ಲ, ಎರಡು ಸಲ. ಸಂಜೆ ಬಸ್ ನಿಲ್ದಾಣಕ್ಕೆ ಹೋಗುವಾಗ ಅವಳ ತಾಯಿ ದಾರಿಯಲ್ಲಿ ಸಿಕ್ಕು, ಸೀಟು ಸಿಕ್ದಂಗೇ ಅಲ್ವಾ ಮಿಸ್ ಎಂದು ಕೇಳಿದಳು. ಇವಳಿಗೆ ಸಿಗದೆ ಇನ್ಯಾರಿಗಮ್ಮ ಸಿಗಬೇಕು ಎಂದೆ. ಮನಸಾರೆ ಹೇಳಿದ ಮಾತು ಅದು.

ಬೇಸಿಗೆಯಲ್ಲಿ ಅನುಮತಿ ಬಂತು. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ದಿನ ಪ್ರಾರ್ಥನೆಯ ನಂತರ ಹೆಡ್ ಮೇಷ್ಟ್ರು ಇಂಗ್ಲಿಷ್ ವಿಭಾಗದ ಮಕ್ಕಳ ಹೆಸರು ಕೂಗಿದರು. ಹೆಸರು ಬಂದ ಮಕ್ಕಳು ಒಂದು ಕಡೆ ಹೋಗಿ ನಿಲ್ಲಬೇಕು. ಚೆಂಡನ್ನು ಹೀ ಎಂದಿದ್ದ ಹುಡುಗ ಹೋದ. ಅಂಗೈಯವರೆಲ್ಲ ಹೋದರು. ಮುಷ್ಟಿಯವರಲ್ಲಿ ಒಬ್ಬರ ಹೆಸರೂ ಬರಲಿಲ್ಲ. ಆ ಹುಡುಗಿ ಹೊಸ ರಿಬ್ಬನ್ ಕಟ್ಟಿ ಮಡಿಚಿದ ಜಡೆಯಲ್ಲಿ, ಕೊನೆಯ ಹೆಸರು ಮುಗಿದ ಮೇಲೂ ಇನ್ನೊಂದಕ್ಕೆ ಕಾಯುತ್ತ ನಿಂತಿದ್ದಳು.

ಸೀದಾ ಅವರ ರೂಮಿಗೆ ಹೋದೆ. ಮೈಯೆಲ್ಲ ಉರಿಯುತ್ತಿತ್ತು. ಆ ಹುಡುಗಿಯ ಹೆಸರು ಯಾಕಿಲ್ಲ ಸಾರ್ ಎಂದೆ. ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

‘ಅವ್ಳು ಮುಷ್ಟಿ ಅಲ್ವಾ ಮೇಡಂ?’ ಎಂದರು.

ಮುಷ್ಟಿ ಅಂತ ಮಾಡಿದ್ದು ನೀವೇ ಅಲ್ಲವೇ, ಅಂದು ನಿಮ್ಮ ಮಾನ ಉಳಿಸಿದವಳು ಅವಳೇ ಅಲ್ಲವೇ, ಈ ವಿಭಾಗ ಬಂದದ್ದೇ ಅವಳ ಬಾಯಿಂದ ಎಂದು ಕೂಗಾಡಿದೆ. ಏನೋ ಆವತ್ತು ಅದೃಷ್ಟಕ್ಕೆ ತಗುಲಿತು, ಮುಷ್ಟಿ ಮಕ್ಕಳಿಗೆ ಇಂಗ್ಲಿಷ್ ಹತ್ತೋದಿಲ್ಲ, ಮುಂದೆ ಅವರಿಗೇ ಕಷ್ಟ ಎಂದು ಸಮಾಧಾನವಾಗಿ ಹೇಳಿದರು. ಅವರ ಮುಖವನ್ನು ಅಂದು ದಿಟ್ಟಿಸಿ ನೋಡಿದೆ. ಸುಳ್ಳು ಹೇಳುತ್ತಿದ್ದರೆ ಜಗಳವಾಡಬಹುದಿತ್ತು. ಸುಳ್ಳಿರಲಿಲ್ಲ. ಹೊಲಕ್ಕೆ ಬೆದರುಬೊಂಬೆ ನಿಲ್ಲಿಸಿದವನು ತಾನೇ ಅದನ್ನು ಕಂಡು ಬೆದರಿದ ಹಾಗೆ, ಅಧಿಕಾರಿಯ ಕಣ್ಣಿಗೆ ಮಣ್ಣೆರಚಲು ತಾವೇ ಹುಟ್ಟಿಸಿದ ಗುರುತನ್ನು ಆ ಮನುಷ್ಯ ಮನಸಾರೆ ನಂಬಿಬಿಟ್ಟಿದ್ದರು. ನನಗೆ ಅವರ ಮೇಲಿದ್ದ ಸಿಟ್ಟು ಹೋಗಿ ಬರೀ ಅಸಹ್ಯ ಉಳಿಯಿತು.

ಅಷ್ಟರಲ್ಲಿ ಬಾಗಿಲ ಹತ್ತಿರ ಹುಡುಗಿಯ ತಾಯಿ ಬಂದು ನಿಂತಳು. ಯಾರೋ ಹೋಗಿ ಹೇಳಿದ್ದಿರಬೇಕು, ಕೆಲಸದಿಂದ ಹಾಗೇ ಎದ್ದು ಬಂದಿದ್ದಳು. ಕೈ ಇನ್ನೂ ಒದ್ದೆಯಾಗಿತ್ತು, ಬೆರಳ ತುದಿಗಳು ಬಿಸಿನೀರಿಗೆ ಬೆಳ್ಳಗೆ ಸುಕ್ಕುಗಟ್ಟಿದ್ದವು. ಅವಳ ಹಿಂದೆ ಹುಡುಗಿ. ಹೆಡ್ ಮೇಷ್ಟ್ರು ಮೂಗಿಗೆ ಟವೆಲು ಹಿಡಿದುಕೊಂಡರು, ಕಿವಿ ಕೆರೆದ ಕೀಲಿ ಒರೆಸುತ್ತಿದ್ದ ಅದೇ ಟವೆಲು.

‘ಸಾರ್, ನನ್ ಮಗ್ಳು ಆಫೀಸರ್ ಮುಂದೆ ಹೇಳಿದ್ಲಂತೆ. ಹೇಳಿದೋರ್ಗೆ ಸೀಟು ಅಂತ ನೀವೇ ಮಾತು ಕೊಟ್ಟಿದ್ರಂತೆ’ ಎಂದಳು ತಾಯಿ.

ಅವರು ಕೀಲಿ ತೆಗೆದು ನೋಡುತ್ತ, ಸರಿಯಾಗಿ ಹೇಳಿದವರಿಗೆ ಎಂದಿದ್ದೆ, ನಿನ್ನ ಮಗಳು ತಪ್ಪು ಹೇಳುವವರ ಪೈಕಿ, ಆವತ್ತೂ ಏನೋ ತಪ್ಪು ಹೇಳಿದಳು ಎಂದರು. ಎದುರಿಗೆ ನಾನಿದ್ದೇನೆ ಎಂಬ ನಾಚಿಕೆಯೂ ಇಲ್ಲ.

‘ಇಲ್ಲಮ್ಮ. ಒಂದಕ್ಷರ ತಪ್ಪಿರ್ಲಿಲ್ಲ. ಪಾಠ ಮಾಡಿದೋಳು ನಾನು, ನಾನು ಹೇಳ್ತಾ ಇದೀನಿ’ ಎಂದೆ.

ತಾಯಿ ನನ್ನನ್ನು ನೋಡಿದಳು, ಅವರನ್ನು ನೋಡಿದಳು. ನಾನು ನಿಂತಿದ್ದೆ, ವಯಸ್ಸು ಚಿಕ್ಕದು. ಅವರು ದೊಡ್ಡ ಮೇಜಿನ ಹಿಂದೆ ಕೂತಿದ್ದರು. ಅವಳಿಗೆ ನನ್ನ ಮಾತು ಸಾಕಾಗಲಿಲ್ಲ. ತಪ್ಪು ಹೇಳಿದ್ದರೂ ಮಗು ಸಾರ್, ಒಂದು ಸಲ ಹೊಟ್ಟೆಗೆ ಹಾಕ್ಕೊಳ್ಳಿ ಎನ್ನುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಪಕ್ಕಕ್ಕೆ ಬಂದು ಬಗ್ಗಿದಳು. ಯಾರೇ ಆದರೂ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅವಳಿಗೆ ಅನುಕೂಲವಾಗಲಿ ಎಂದು ಈ ಮನುಷ್ಯ ಚಪ್ಪಲಿಯ ಸಮೇತ ಕಾಲು ಮುಂದಕ್ಕೆ ಚಾಚಿದರು.

ಹುಡುಗಿ ಓಡಿಬಂದು ತಾಯಿಯ ರಟ್ಟೆ ಹಿಡಿದಳು. ಅವಳ ಸ್ವರದಲ್ಲಿ ಅಳುವಿರಲಿಲ್ಲ.

‘ಏಳಮ್ಮ. ನಾನು ತಪ್ಪೇ ಹೇಳಿದ್ದು. ಸಾರ್ ಹೇಳ್ತಿರೋದು ನಿಜ. ಬಾ, ಹೋಗಣ.’

ತಾಯಿ ಅರ್ಧ ಬಗ್ಗಿದವಳು ನೆಟ್ಟಗಾದಳು. ನೀನು ಸರಿಯಾಗಿ ಹೇಳಿದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆನಲ್ಲೇ ಎಂದು ತೆಲುಗಿನಲ್ಲಿ ಬೈದು, ಆ ಒದ್ದೆ ಕೈಯಿಂದಲೇ ಮಗಳ ಬೆನ್ನಿಗೆ ಎರಡು ಬಿಟ್ಟಳು. ಹುಡುಗಿ ತಪ್ಪಿಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಾಯಿಯನ್ನು ಮುಂದೆ ಬಿಟ್ಟುಕೊಂಡು ಹೊರಗೆ ಕರೆದುಕೊಂಡು ಹೋದಳು.

‘ನೋಡಿದ್ರಾ ಮೇಡಂ,’ ಎಂದರು ಹೆಡ್ ಮೇಷ್ಟ್ರು, ‘ಅವ್ಳೇ ಒಪ್ಕೊಂಡ್ಲು.’ ಆಮೇಲೆ ಚಾಚಿದ ಕಾಲನ್ನು ಮೇಜಿನ ಕೆಳಕ್ಕೆ ಎಳೆದುಕೊಂಡರು.